ಪುನರ್ಪುಳಿ: ಬೀಜ ಹಾಕುವುದಾ, ಕಸಿ ಗಿಡ ತರುವುದಾ?

ರೇಷ್ಮಾ, ಬಿಜೈ

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಮಂಗಳೂರಿನ ಬಿಜೈಯಲ್ಲಿ, ಫ್ಲ್ಯಾಟು. ಗಿಡ ನೆಡಬೇಕಾದದ್ದು ಕಿನ್ನಿಗೋಳಿಯ ಅಮ್ಮನ ಮನೆಯಲ್ಲಿ. ಮನೆಯ ಹಿಂದೆ ಗುಡ್ಡೆಯ ಬದಿಗೆ 30 ಸೆಂಟ್ಸಿನಷ್ಟು ಜಾಗ ಉಂಟು. ಮೊದಲು ಅಲ್ಲಿ ಗೇರು ಇತ್ತು, ಈಗ ಬರೀ ಮುಳಿಹುಲ್ಲು. ಮೇಲೆ ಒಂದೊಂದು ಕಡೆ ಒಂದಡಿ ಮಣ್ಣು, ಕೆಳಗೆ ಕೆಂಪುಕಲ್ಲು. ಬಾವಿಯ ನೀರು ಏಪ್ರಿಲ್‌ವರೆಗೆ ಸಾಕಾಗ್ತದೆ, ಆಮೇಲೆ ಮನೆ ಖರ್ಚಿಗೆ ಮಾತ್ರ.

ಪಕ್ಕದ ಮನೆಯವರ ಪುನರ್ಪುಳಿ (ಕೋಕಂ) ಮರದಲ್ಲಿ ಈ ಸಲ ಕೊಂಬೆ ಬಗ್ಗುವಷ್ಟು ಹಣ್ಣು. ಅಮ್ಮ ಶರಬತ್ತಿಗೆ ಅಂತ ಎರಡು ಬುಟ್ಟಿ ತಂದು ಕೂತಿದ್ದಾರೆ. ಸಿಪ್ಪೆ ಸಕ್ಕರೆ ತುಂಬಿಸಿಕೊಂಡು ಭರಣಿಗೆ ಹೋಗ್ತದೆ, ಬೀಜವೆಲ್ಲ ಬಾಳೆಯ ಬುಡಕ್ಕೆ. ಇಷ್ಟು ಬೀಜ ಸುಮ್ಮನೆ ಹೋಗುವುದು ಯಾಕೆ, ನಾವೇ ಗಿಡ ಮಾಡುವ ಅಂತ ನನಗೆ. ಎಲ್ಲರೂ ರಂಬೂಟಾನ್, ಡ್ರ್ಯಾಗನ್ ಫ್ರೂಟ್ ಅಂತ ಓಡುವಾಗ ನಮ್ಮ ಊರಿನದ್ದೇ ಒಂದು ಹಣ್ಣು ಆ ಗುಡ್ಡೆಯಲ್ಲಿ ಇರಲಿ ಅಂತ ಆಸೆ.

ಆದರೆ ಪಕ್ಕದ ಮನೆಯ ಅಜ್ಜ ಹೇಳುವುದು ಬೇರೆ: "ಬೀಜದ ಗಿಡದಲ್ಲಿ ಅರ್ಧಕ್ಕರ್ಧ ಗಂಡು ಬರ್ತದೆ, ಹತ್ತು ವರ್ಷ ಸಾಕಿ ಆಮೇಲೆ ಕೊಡಲಿ ಹಿಡಿಯುವುದು." ಇದು ನಿಜವಾ? ಸಣ್ಣ ಗಿಡದಲ್ಲೇ ಗಂಡು ಹೆಣ್ಣು ಗೊತ್ತು ಮಾಡುವ ಉಪಾಯ ಏನಾದರೂ ಉಂಟಾ? ನರ್ಸರಿಯಲ್ಲಿ ಕಸಿ ಗಿಡಕ್ಕೆ ಬೀಜದ ಗಿಡದ ಮೂರು ನಾಲ್ಕು ಪಟ್ಟು ಹೇಳ್ತಾರೆ. ಬೀಜ ಹೇಗೆ ಹಾಕುವುದು, ನೆಲಕ್ಕೆ ಯಾವಾಗ ಇಡುವುದು, ಆ ಕಲ್ಲಿನ ಜಾಗದಲ್ಲಿ ಬದುಕೀತಾ? ಬೆಳೆಸಿ ಗೊತ್ತಿದ್ದವರು ಹೇಳಿ.


ಪ್ರಶಾಂತ್, ಸುರತ್ಕಲ್

ಅಜ್ಜ ಹೇಳಿದ್ದು ಸರಿ. ಕಸಿ ಗಿಡ ತನ್ನಿ, ನೆಡಿ, ಮುಗಿಯಿತು. ಬೀಜದ್ದಕ್ಕೆ ಏಳೆಂಟು ವರ್ಷ, ಕಸಿಯದ್ದು ನಾಲ್ಕೈದು ವರ್ಷಕ್ಕೆ ಹಣ್ಣು. ಇದರಲ್ಲಿ ಯೋಚನೆ ಮಾಡಲಿಕ್ಕೆ ಎಂತ ಉಂಟು?


ವಸಂತಿ, ಪೆರ್ಡೂರು

ರೇಷ್ಮಾ, ಮೊದಲು ಅಮ್ಮನಿಗೆ ಫೋನ್ ಮಾಡಿ ಬೀಜವನ್ನು ಬಿಸಿಲಿಗೆ ಹಾಕಬೇಡಿ ಅಂತ ಹೇಳಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

ಇದು ಬೆಂಡೆ, ಅಲಸಂಡೆಯ ಬೀಜದ ಹಾಗೆ ಒಣಗಿಸಿ ಬೂದಿ ಬೆರೆಸಿ ಡಬ್ಬದಲ್ಲಿ ಇಡುವ ಜಾತಿಯಲ್ಲ. ಪುನರ್ಪುಳಿ, ಹಲಸು, ನೇರಳೆ, ಇವುಗಳ ಬೀಜ ಒಣಗಿತೆಂದರೆ ಸತ್ತಿತು. ಹಣ್ಣು ಉದುರುವುದು ಮೇ ತಿಂಗಳಲ್ಲಿ, ಮಳೆ ಹಿಡಿಯುವುದು ಜೂನ್ ಮೊದಲ ವಾರದಲ್ಲಿ. ನಡುವೆ ಕಾಯುವ ಕೆಲಸವೇ ಇಲ್ಲದ ಮೇಲೆ ಒಣಗಿ ಬದುಕುವ ವಿದ್ಯೆ ಅವಕ್ಕೆ ಯಾಕೆ ಬರಬೇಕು? ಫ್ರಿಜ್ಜಿನಲ್ಲಿ ಇಟ್ಟರೂ ಕೆಡ್ತದೆ. ಹಣ್ಣು ಬಿಡಿಸಿದ ದಿನವೇ ಹಾಕಿದರೆ ಬಹಳ ಒಳ್ಳೆಯದು. ಆಗದಿದ್ದರೆ ಒದ್ದೆ ಹೊಯಿಗೆಯಲ್ಲಿ (ಮರಳಿನಲ್ಲಿ) ಹೂತಿಟ್ಟು ನಾಲ್ಕೈದು ದಿನದೊಳಗೆ ಹಾಕಿ. ಇನ್ನೊಂದು ಮಾತು, ಸಕ್ಕರೆ ಹಾಕಿ ಭರಣಿಗೆ ಹೋದ ಹಣ್ಣಿನ ಬೀಜ ಬೇಡ. ಸಕ್ಕರೆ ಒಳಗಿನ ನೀರನ್ನೆಲ್ಲ ಎಳೆದಿರ್ತದೆ.

ಬೀಜ ಹಾಕುವುದಕ್ಕಿಂತ ಬೀಜ ತೊಳೆಯುವುದೇ ದೊಡ್ಡ ಕೆಲಸ. ಒಂದು ಹಣ್ಣಿನಲ್ಲಿ ಐದರಿಂದ ಎಂಟು ಬೀಜ, ಅದಕ್ಕೆ ಅಂಟಿಕೊಂಡ ಬಿಳಿ ತಿರುಳು ಬರೀ ನೀರಿಗೆ ಬಿಟ್ಟು ಹೋಗುವುದಿಲ್ಲ. ಒಲೆಯ ಬೂದಿ ಹಾಕಿ ಹಳೆಯ ಗೋಣಿಯ ತುಂಡಿನಲ್ಲಿ ತಿಕ್ಕಿ. ತಿರುಳು ಉಳಿದರೆ ಮೊದಲು ಇರುವೆ ಬರ್ತದೆ, ಹಿಂದಿನಿಂದ ಬೂಸ್ಟು. ತೊಳೆದ ಮೇಲೆ ಒಂದು ರಾತ್ರಿ ನೀರಿನಲ್ಲಿಡಿ, ಸೊರಗಿ ಚಪ್ಪಟೆಯಾದದ್ದನ್ನು ಬಿಸಾಡಿ.

ಬೀಜ ಹಾಕುವ ಪ್ಲಾಸ್ಟಿಕ್ ತೊಟ್ಟೆ (ಚೀಲ) ಉದ್ದದ್ದು ಬೇಕು. ಅಗಲ ಎಷ್ಟಿದ್ದರೂ ನಡೆಯುತ್ತದೆ, ಗಿಡ್ಡ ಆಗಬಾರದು. ಮೇಲೆ ಎರಡು ಎಲೆ ಕಾಣುವ ಹೊತ್ತಿಗೆ ಕೆಳಗೆ ತಾಯಿಬೇರು ಅದರ ಎಷ್ಟೋ ಪಟ್ಟು ಇಳಿದಿರ್ತದೆ. ಗಿಡ್ಡ ತೊಟ್ಟೆಯಲ್ಲಿ ಅದು ತಳ ಮುಟ್ಟಿ ಸುತ್ತಿಕೊಂಡರೆ ಆಮೇಲೆ ನೆಲಕ್ಕೆ ಇಟ್ಟರೂ ಸುತ್ತಿಕೊಂಡೇ ಇರ್ತದೆ, ಗಾಳಿಮಳೆಗೆ ಮರ ವಾಲುವುದು ಅದೇ ಕಾರಣಕ್ಕೆ. ಮಣ್ಣು, ಹೊಯಿಗೆ, ಹುಡಿಯಾದ ಹಟ್ಟಿಗೊಬ್ಬರ, ಮೂರೂ ಸಮ. ಸುಡುಮಣ್ಣು ಇದ್ದರೆ ಒಂದು ಹಿಡಿ. ಹಸಿ ಸೆಗಣಿ ಬೇಡವೇ ಬೇಡ. ಬೀಜವನ್ನು ಅಡ್ಡ ಮಲಗಿಸಿ, ಮೇಲೆ ಒಂದು ಬೆರಳು ಅಗಲ ಮಣ್ಣು. ತೊಟ್ಟೆಯ ತೂತು ಸರಿ ಇದೆಯಾ ನೋಡಿಕೊಳ್ಳಿ, ನಮ್ಮ ಆಟಿಯ (ಜುಲೈ-ಆಗಸ್ಟ್) ಮಳೆಗೆ ತೂತು ಕಟ್ಟಿದ ತೊಟ್ಟೆ ಎಂದರೆ ಕೆರೆ.

ಮೊಳಕೆಗೆ ಅವಸರ ಮಾಡಬೇಡಿ. ಮೂರು ನಾಲ್ಕು ವಾರಕ್ಕೆ ಒಂದೊಂದೇ ಏಳ್ತದೆ, ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಅನುಮಾನ ಬಂದು ಕೆದಕಿ ನೋಡಿದರೆ ಒಂದು ವಿಚಿತ್ರ ಕಾಣ್ತದೆ: ಬೀಜದ ಒಂದು ತುದಿಯಿಂದ ಬೇರು, ಇನ್ನೊಂದು ತುದಿಯಿಂದ ಚಿಗುರು. ಸ್ವಲ್ಪ ದಿನದಲ್ಲಿ ಚಿಗುರಿನ ಬುಡದಿಂದಲೇ ಬೇರೊಂದು ಬೇರು ಹೊರಟು ಅದೇ ದೊಡ್ಡದಾಗ್ತದೆ. ಮ್ಯಾಂಗೊಸ್ಟೀನ್ ಕೂಡ ಇದೇ ಕುಟುಂಬ, ಅದರದ್ದೂ ಹೀಗೆಯೇ. ಹಾಗಾಗಿ ಮೊಳಕೆಯ ಹೊತ್ತಿಗೆ ಬೀಜ ಅಲುಗಾಡಿಸಬೇಡಿ ಅಂತ ನಾನು ಹೇಳುವುದು. ಗಿಡ ಎದ್ದ ಮೇಲೂ ಬೀಜ ಮಣ್ಣಿನಡಿಯಲ್ಲೇ ತಿಂಗಳುಗಟ್ಟಲೆ ಅಂಟಿಕೊಂಡಿರ್ತದೆ, ಕಿತ್ತು ಹಾಕುವ ಚಪಲ ಬೇಡ, ಗಿಡದ ಬುತ್ತಿ ಅದು. ಎಳೆ ಎಲೆ ಕೆಂಪಾಗಿ ಬರ್ತದೆ. ರೋಗ ಅಂತ ಹೆದರಿ ಯಾರೋ ಔಷಧಿ ಹೊಡೆದದ್ದುಂಟು.

ಇನ್ನು ಅಜ್ಜನ ಮಾತು. ಗಂಡು ಹೆಣ್ಣು ಬೇರೆ ಬೇರೆ ಮರ ಎಂಬುದು ಸತ್ಯ, ಬೀಜದ ಗಿಡದಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು ಎಂಬುದೂ ಸತ್ಯ. ಎಲೆ ನೋಡಿ, ಕಾಂಡ ನೋಡಿ, ಬೀಜದ ಆಕಾರ ನೋಡಿ ಹೇಳ್ತೇನೆ ಎನ್ನುವವರು ಸಿಗ್ತಾರೆ. ನನಗೆ ನಂಬಿಕೆ ಇಲ್ಲ. ಹೂ ಬಿಡುವವರೆಗೆ ಹೊರಗಿನಿಂದ ನೋಡಿ ಹೇಳುವ ದಾರಿ ಇಲ್ಲ. ತುಳಸಿ ಪೂಜೆ ಕಳೆದು ಚಳಿ ಬೀಳುವಾಗ ಹೂವಿನ ಕಾಲ. ಗಂಡು ಹೂ ಗೊಂಚಲು ಗೊಂಚಲಾಗಿ ಬರ್ತದೆ, ನಡುವೆ ಹಳದಿ ಕೇಸರಗಳ ಗುಂಪು, ಆಮೇಲೆ ಮರದಡಿ ಚಾಪೆ ಹಾಸಿದಷ್ಟು ಉದುರಿ ಬೀಳ್ತದೆ. ಹೆಣ್ಣು ಹೂ ಒಂಟಿ, ಹೆಚ್ಚೆಂದರೆ ಎರಡು ಮೂರು ಒಟ್ಟಿಗೆ. ನಡುವೆ ಹಸಿರು ಗುಂಡು, ಅದರ ತಲೆಯ ಮೇಲೆ ಗೀರು ಗೀರಾದ ಮುಚ್ಚಳ. ಆ ಮುಚ್ಚಳದ ಗುರುತು ಹಣ್ಣಾದ ಮೇಲೂ ತುದಿಯಲ್ಲಿ ಉಳಿದಿರ್ತದೆ, ಅಮ್ಮನ ಬುಟ್ಟಿಯಲ್ಲೇ ನೋಡಿ.

ಆದರೆ ಅದಕ್ಕಾಗಿ ಬೀಜವನ್ನೇ ಹಾಕಬೇಡಿ ಅಂದರೆ ನಾನು ಒಪ್ಪುವುದಿಲ್ಲ. ಪ್ರಶಾಂತಣ್ಣ ತರಲಿಕ್ಕೆ ಹೇಳಿದ ಕಸಿ ಗಿಡದ ಅಡಿಯಲ್ಲಿ ಇರುವುದೂ ಬೀಜದ ಗಿಡವೇ ಅಲ್ವಾ? ಬೀಜದ ಗಿಡ ಎಬ್ಬಿಸಿಕೊಳ್ಳಿ, ಪೆನ್ಸಿಲ್ ದಪ್ಪಕ್ಕೆ ಬಂದ ಮೇಲೆ ಒಳ್ಳೆಯ ಹೆಣ್ಣು ಮರದ ಕಡ್ಡಿ ತಂದು ಕಸಿ ಕಟ್ಟಿಸಿ. ಕಾಂಡ ಯಾವುದಾದರೇನು, ಮೇಲಿನ ಕಡ್ಡಿ ಹೆಣ್ಣಾದರೆ ಮರ ಹೆಣ್ಣು. ಒಂದೆರಡು ಗಿಡಕ್ಕೆ ಕಸಿ ಕಟ್ಟದೆ ಹಾಗೆಯೇ ಬೆಳೆಯಲು ಬಿಡಿ, ಅದರಲ್ಲಿ ಗಂಡು ಬಂದರೂ ಬರಲಿ. ಗಂಡು ಮರ ಕಂಡ ಕೂಡಲೇ ಕೊಡಲಿ ಹಿಡಿಯುವ ಚಾಳಿಯಿಂದಲೇ ಎಷ್ಟೋ ಕಡೆ ಹೆಣ್ಣು ಮರ ಕಾಯಿ ಕಚ್ಚುವುದು ಕಡಿಮೆಯಾದದ್ದು. ಹತ್ತಕ್ಕೊಂದು ಗಂಡು ಇರಬೇಕು. ನಮ್ಮಲ್ಲಿ ಬಾವಿಕಟ್ಟೆ ಹತ್ತಿರ ಒಂದು ಉಂಟು, ಹೂವಿನ ಕಾಲದಲ್ಲಿ ಬೆಳಿಗ್ಗೆ ಅಲ್ಲಿ ಮುಜಂಟಿ ಜೇನಿನ ಸದ್ದು ಕೇಳ್ತದೆ.

ಈಗ ನಾನು ಹೇಳಬೇಕು ಅಂತ ಇದ್ದ ಮಾತು. ಇದನ್ನು ಯಾರೂ ಕೇಳುವುದಿಲ್ಲ, ನರ್ಸರಿಯವರು ಹೇಳುವುದೂ ಇಲ್ಲ. ಬೀಜವಾಗಲಿ ಕಡ್ಡಿಯಾಗಲಿ, ಅದನ್ನು ಕೊಟ್ಟ ಮರ ಯಾವಾಗ ಹಣ್ಣಾಗ್ತದೆ? ಹಣ್ಣು ದೊಡ್ಡದಾ, ಸಿಪ್ಪೆ ದಪ್ಪವಾ, ಬಣ್ಣ ಎಷ್ಟು ಕಪ್ಪು ಅಂತೆಲ್ಲ ಕೇಳ್ತಾರೆ. ಎಲ್ಲ ಸರಿ. ಆದರೆ ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 4000 ಮಿ.ಮೀ. ಹತ್ತಿರ ಮಳೆ, ಅದರ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಪತ್ತನಾಜೆ (ಮೇ ಕೊನೆಯ ವಾರ) ಕಳೆದ ಮೇಲೆ ಹಣ್ಣಾಗುವ ಮರ ಇದ್ದರೆಷ್ಟು ಬಿಟ್ಟರೆಷ್ಟು? ಮಳೆನೀರು ಕುಡಿದ ಹಣ್ಣು ಮರದಲ್ಲೇ ಕೊಳೆಯುತ್ತದೆ. ಕೊಯ್ದು ತಂದರೂ ಸಿಪ್ಪೆ ಒಣಗಿಸಲಿಕ್ಕೆ ಬಿಸಿಲು ಎಲ್ಲಿಂದ ತರುವುದು? ಸಿಪ್ಪೆ ಅಂದರೆ ಒಂದು ದಿನದ ಒಣಗು ಅಲ್ಲ. ತಿರುಳಿನ ರಸದಲ್ಲಿ ಅದ್ದುವುದು, ಒಣಗಿಸುವುದು, ಪುನಃ ಅದ್ದುವುದು, ಹೀಗೆ ಹಲವು ಸಲ ಆದರೆ ಮಾತ್ರ ಸಾರಿಗೆ ಬೇಕಾದ ಆ ಕಪ್ಪು ಬರುವುದು. ಏಪ್ರಿಲ್ ಅರ್ಧಕ್ಕೇ ಹಣ್ಣಾಗಲು ಶುರುವಾಗುವ ಮರಗಳು ನಮ್ಮ ಸುತ್ತಮುತ್ತಲೇ ಉಂಟು. ಹಣ್ಣು ಸಣ್ಣದಾದರೂ ನಾನು ಬೀಜ ತೆಗೆಯುವುದು ಅಂಥ ಮರದ್ದೇ. ಬೀಜಕ್ಕೆ ತಾಯಿಯ ಗುಣ ಪೂರ್ತಿ ಬಂದೇ ಬರ್ತದೆ ಅಂತ ಇಲ್ಲ, ಕಡ್ಡಿಗೆ ಬರ್ತದೆ. ಹಾಗಾಗಿ ಕಡ್ಡಿಯ ಮರ ಆರಿಸುವಾಗ ಕ್ಯಾಲೆಂಡರ್ ನೋಡಿ, ಹಣ್ಣಿನ ಗಾತ್ರ ನೋಡಿ ಮರುಳಾಗಬೇಡಿ. ನಿಮ್ಮ ಪಕ್ಕದ ಮನೆಯ ಮರ ಯಾವಾಗ ಶುರು ಮಾಡಿತು ಅಂತ ಅಜ್ಜನ ಹತ್ತಿರ ಕೇಳಿ ಇಲ್ಲಿ ಬರೆಯಿರಿ.

ಜಾಗದ ವಿಷಯ. ಕಲ್ಲು ಇದ್ದರೂ ಆಗ್ತದೆ, ಪುನರ್ಪುಳಿ ಗುಡ್ಡೆಯ ಮರವೇ. ಆದರೆ ಹೊಂಡವನ್ನು ಪಿಕ್ಕಾಸಿನಲ್ಲಿ ಕೆತ್ತಿ ಎರಡಡಿ ಆಳ, ಎರಡಡಿ ಅಗಲ ಮಾಡಲೇಬೇಕು. ಪೂರ್ತಿ ಚಪ್ಪಡಿ ಸಿಕ್ಕಿದರೆ ಅಲ್ಲಿ ಬಿಟ್ಟು ಎರಡು ಮಾರು ಆಚೆ ತೋಡಿ, ಚಪ್ಪಡಿಯಲ್ಲಿ ತೋಡಿದ ಹೊಂಡದಲ್ಲಿ ಮಳೆಗಾಲ ಪೂರ್ತಿ ನೀರು ನಿಂತು ಬೇರು ಕೊಳೆಯುತ್ತದೆ. ಈ ವರ್ಷ ಹಾಕಿದ ಬೀಜವನ್ನು ಈ ವರ್ಷವೇ ನೆಲಕ್ಕೆ ಇಡಬೇಡಿ. ಮೊದಲ ವರ್ಷ ಅದು ಬೆಳೆಯುವ ಚಂದ ನೋಡಿದರೆ ನಿಮಗೆ ಸಿಟ್ಟೇ ಬರ್ತದೆ, ಅಷ್ಟು ನಿಧಾನ. ಒಂದು ಬೇಸಿಗೆ ತೊಟ್ಟೆಯಲ್ಲೇ ನೆರಳಿನಲ್ಲಿ ಕಳೆಯಲಿ, ಮುಂದಿನ ಜೂನಿನಲ್ಲಿ ನೆಡಿ. ನೆಟ್ಟ ಮೇಲೆ ಎರಡು ಬೇಸಿಗೆ ಪಡುವಣ ಬಿಸಿಲಿಗೆ ತೆಂಗಿನ ಮಡಲಿನ ಮರೆ, ಬುಡಕ್ಕೆ ತರಗೆಲೆ, ವಾರಕ್ಕೆರಡು ಸಲ ಒಂದೊಂದು ಕೊಡಪಾನ ನೀರು. ಮೂರನೆಯ ಬೇಸಿಗೆಯನ್ನು ಅದು ತಾನೇ ನೋಡಿಕೊಳ್ತದೆ.

ಅಂದ ಹಾಗೆ ಊರಿನದ್ದೇ ಹಣ್ಣು ಬೇಕು ಅಂತ ಬರೆದಿದ್ದೀರಲ್ಲ, ಗುಡ್ಡೆಯ ಬದಿಯ ಬೇಲಿಗೆ ಕರಂಡೆ (ಕವಳೆ ಹಣ್ಣಿನ ಗಿಡ) ಹಾಕಿ. ಬೇಕರಿಯವರು ಕೇಕಿನ ಮೇಲೆ ಚೆರ್ರಿ ಅಂತ ಇಡುವ ಕೆಂಪು ಉಂಡೆ ಬಹಳಷ್ಟು ಸಲ ಇದೇ ಕರಂಡೆ, ಬೀಜ ತೆಗೆದು ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಕುದಿಸಿದ್ದು. ಮುಳ್ಳು ಇರುವುದರಿಂದ ದನ ನುಗ್ಗುವುದಿಲ್ಲ, ನೀರೂ ಕೇಳುವುದಿಲ್ಲ, ಎಳೆಕಾಯಿ ಉಪ್ಪಿನಕಾಯಿಗೆ ಆಗ್ತದೆ.


ಹರೀಶ, ಬಜಪೆ

ವಸಂತಿ ಅಕ್ಕ ಹೇಳಿದ್ದರಲ್ಲಿ ನಾನು ಸೇರಿಸಬೇಕಾದದ್ದು ಕಸಿ ಕಡ್ಡಿಯ ವಿಷಯ ಮಾತ್ರ. ನಾನು ಮಾವು, ಹಲಸು, ಪುನರ್ಪುಳಿಗೆ ಕಸಿ ಕಟ್ಟಲಿಕ್ಕೆ ಹೋಗುವವ.

ಪುನರ್ಪುಳಿಯಲ್ಲಿ ಎಲ್ಲ ಕಡ್ಡಿಯೂ ಒಂದೇ ಅಲ್ಲ. ನೆಟ್ಟಗೆ ಮೇಲಕ್ಕೆ ಹೋಗುವ ಚಿಗುರು ಬೇರೆ, ಬದಿಗೆ ಜೋತು ಬೀಳುವ ರೆಂಬೆ ಬೇರೆ. ಬದಿಯ ರೆಂಬೆಯಿಂದ ಕಡ್ಡಿ ತೆಗೆದರೆ ಕಸಿ ಚಂದಕ್ಕೆ ಹಿಡಿಯುತ್ತದೆ, ಆದರೆ ಗಿಡ ಆಮೇಲೂ ತಾನು ರೆಂಬೆಯೇ ಅಂತ ತಿಳಿದುಕೊಂಡು ಅಡ್ಡ ಅಡ್ಡ ಬೆಳೆದು ನೆಲದ ಮೇಲೆ ಪೊದೆಯಾಗಿ ಹರಡುತ್ತದೆ. ಕೋಲು ಕಟ್ಟಿ ನಿಲ್ಲಿಸಿದರೂ ನೆಟ್ಟಗಾಗುವುದು ಕಷ್ಟ. ಹಣ್ಣು ಬಿಡ್ತದೆ, ಇಲ್ಲ ಅಂತಲ್ಲ. ಕೆಲವರಿಗೆ ಅದೇ ಬೇಕು, ಕೈಗೆ ಎಟಕುತ್ತದೆ ಅಂತ. ಆದರೆ ಗುಡ್ಡೆಯಲ್ಲಿ ಹುಲ್ಲು ಹೆರೆಯಲಿಕ್ಕೂ ಜಾಗ ಇಲ್ಲದ ಹಾಗೆ ಆಗ್ತದೆ, ಮಳೆಯಲ್ಲಿ ಕೆಳಗಿನ ರೆಂಬೆ ಮಣ್ಣಿಗೆ ತಾಗಿ ಎಲೆ ಕೊಳೆಯುತ್ತದೆ. ನಿಮಗೆ ಮರ ಬೇಕಾದರೆ ನೆಟ್ಟಗಿನ ಚಿಗುರಿನದ್ದೇ ಕಡ್ಡಿ ಆಗಬೇಕು. ಅದು ಒಂದು ಮರದಲ್ಲಿ ಸಿಗುವುದೇ ಸ್ವಲ್ಪ. ಎಲ್ಲ ನರ್ಸರಿಯವರೂ ಅದಕ್ಕೆ ಕಾಯುವುದಿಲ್ಲ. ಕಸಿ ಗಿಡ ದುಡ್ಡು ಕೊಟ್ಟು ತರುವವರು ಅದು ನೆಟ್ಟಗೆ ಹೋಗಿದೆಯಾ, ಒಂದು ಬದಿಗೆ ವಾಲಿದೆಯಾ ಅಂತ ಮೊದಲು ನೋಡಿ.

ಕಡ್ಡಿ ಕೊಯ್ಯುವ ಮೊದಲು ಅದರ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಟ್ಟು ಹತ್ತು ದಿನ ಮರದಲ್ಲೇ ಇರಲಿ. ತುದಿಮೊಗ್ಗು ಉಬ್ಬಿ ಒಡೆಯುವ ಹಂತಕ್ಕೆ ಬಂದಾಗ ಕೊಯ್ದು, ಬೀಜದ ಗಿಡದ ತಲೆ ತೆಗೆದು ಸೀಳಿ, ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಚೂಪು ಮಾಡಿ ಕೂರಿಸುವುದು. ಕೊಯ್ದಲ್ಲಿ ಹಳದಿ ಹಾಲು ಬರ್ತದೆ, ಅದಕ್ಕೆ ಕೈ ಚುರುಕಾಗಿರಬೇಕು. ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿಯಾಗಿ ಕಟ್ಟಿ, ಮೇಲೆ ಐಸ್‌ಕ್ಯಾಂಡಿ ತೊಟ್ಟೆ ಹಾಕಿ ಮುಚ್ಚಿ ನೆರಳಲ್ಲಿಡುವುದು. ಗಾಳಿಯಲ್ಲಿ ತೇವ ಇರಬೇಕು, ಆದರೆ ಜಡಿಮಳೆ ಬೇಡ. ನಾನು ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್) ಕಳೆದ ಮೇಲೆ ಕಟ್ಟುವುದು. ಎಲ್ಲವೂ ಹಿಡಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹೆಸರಿರುವ ತಳಿ ಬೇಕಾದವರಿಗೆ ರತ್ನಾಗಿರಿ ಜಿಲ್ಲೆಯ ದಾಪೋಲಿ ಕೃಷಿ ವಿದ್ಯಾಪೀಠದವರು ಬಿಡುಗಡೆ ಮಾಡಿದ ಕೊಂಕಣ ಅಮೃತಾ, ಕೊಂಕಣ ಹಾತಿಸ್ ಉಂಟು. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಊರಿನ ಮಳೆ ನೋಡಿ ಬೆಳೆದ ಮರದ ಕಡ್ಡಿ ಒಂದಾದರೂ ಜೊತೆಗಿರಲಿ.

30 ಸೆಂಟ್ಸ್‌ಗೆ 20 ಅಡಿಗೊಂದರಂತೆ ಮೂವತ್ತು ಗಿಡ ಹಿಡಿಯುತ್ತದೆ. ಅಷ್ಟು ನೆಡಬೇಡಿ. ಎಲ್ಲ ಮರವೂ ಒಟ್ಟಿಗೇ ಹಣ್ಣು ಬಿಟ್ಟರೆ ಕೊಯ್ಯಲಿಕ್ಕೆ ಜನ ಎಲ್ಲಿ ಸಿಗ್ತಾರೆ?


ಮಂಜುನಾಥ, ಕೋಟೇಶ್ವರ

ನಮ್ಮ ಹಿತ್ತಿಲಲ್ಲಿ ಇರುವುದು ಒಂದೇ ಒಂದು ಮರ ಮಾರಾಯ್ರೆ. ಗಂಡು ಮರ ಹತ್ತಿರ ಎಲ್ಲೂ ಇಲ್ಲ. ಆದರೂ ವರ್ಷವೂ ಹಣ್ಣು ಆಗ್ತದೆ. ಇದಕ್ಕೆ ಎಂತ ಹೇಳ್ತ್ರಿ?


ವಸಂತಿ, ಪೆರ್ಡೂರು

ಮಂಜುನಾಥಣ್ಣ, ನಿಮ್ಮ ಹಿತ್ತಿಲಲ್ಲಿ ಇಲ್ಲ ಅಂದಮಾತ್ರಕ್ಕೆ ಊರಲ್ಲೇ ಇಲ್ಲ ಅಂತ ಅಲ್ಲ. ನೊಣ, ಜೇನು ಬೇಲಿ ನೋಡಿ ಹಾರುವುದಿಲ್ಲ. ಅದೂ ಅಲ್ಲದೆ ಎರಡೂ ಬಗೆಯ ಹೂ ಒಟ್ಟಿಗೆ ಬಿಡುವ ಮರಗಳೂ ಈ ಜಾತಿಯಲ್ಲಿ ಅಪರೂಪಕ್ಕೆ ಇರ್ತವೆ. ನಿಮ್ಮದು ಅಂಥದ್ದಾದರೆ ಕಡ್ಡಿಗೆ ಒಳ್ಳೆಯ ಬೆಲೆ ಉಂಟು, ಹರೀಶನಿಗೆ ಗೊತ್ತಾದರೆ ನಾಳೆಯೇ ಕೋಟೇಶ್ವರಕ್ಕೆ ಹೊರಟಾನು. ಈ ಸಲ ಹೂ ಬಂದಾಗ ನಾಲ್ಕು ಕಡೆಯಿಂದ ಕೊಯ್ದು ಬಿಳಿ ಬಟ್ಟೆಯ ಮೇಲಿಟ್ಟು ನೋಡಿ.


ರೇಷ್ಮಾ, ಬಿಜೈ

ವಸಂತಿ ಅಕ್ಕ, ಹರೀಶಣ್ಣ, ತುಂಬಾ ಉಪಕಾರ ಆಯ್ತು. ಅಮ್ಮನಿಗೆ ಫೋನ್ ಮಾಡಿದೆ. ಒಂದು ಬುಟ್ಟಿಯ ಬೀಜ ಒದ್ದೆ ಹೊಯಿಗೆಯಲ್ಲಿ ಉಂಟು. ಅಜ್ಜನ ಹತ್ತಿರ ಕೇಳಿದೆ: ಅವರ ಮರ ವಿಷುವಿನ (ಏಪ್ರಿಲ್ ಮಧ್ಯ) ಆಸುಪಾಸಿನಲ್ಲಿ ಮೊದಲ ಹಣ್ಣು ಬೀಳಿಸ್ತದಂತೆ, ಮೇ ಮೂರನೆಯ ವಾರಕ್ಕೆ ಖಾಲಿ. ಇದು ಬೇಗದ್ದೇ ಅಲ್ವಾ? "ಕಡ್ಡಿ ಬೇಕಾದರೆ ಕೊಯ್ದುಕೊಳ್ಳಿ, ಕೊಂಬೆ ಮುರಿಯಬೇಡಿ" ಅಂತ ಹೇಳಿದರು. ಬೀಜ ಹಾಕುವುದಕ್ಕೆ ಈಗಲೂ ಒಪ್ಪಿಗೆ ಇಲ್ಲ ಅವರದ್ದು!

ಇನ್ನು ಎರಡು ಪ್ರಶ್ನೆ. ಗಿಡಗಳನ್ನು ಮೊದಲ ವರ್ಷ ಇಲ್ಲಿ ಫ್ಲ್ಯಾಟಿನ ಬಾಲ್ಕನಿಯಲ್ಲಿ ಇಟ್ಟುಕೊಳ್ಳಬಹುದಾ? ಅಮ್ಮನಿಗೆ ಮಂಡಿನೋವು, ದಿನಾ ನೀರು ಹಾಕುವುದು ಕಷ್ಟ. ಮತ್ತೆ ಗುಡ್ಡೆಯಲ್ಲಿ ಒರಲೆ (ಗೆದ್ದಲು) ಜಾಸ್ತಿ ಉಂಟು. ಅದಕ್ಕೆ ಎಂತ ಮಾಡುವುದು?


ಪ್ರಶಾಂತ್, ಸುರತ್ಕಲ್

ಆಯ್ತು, ನಾನು ಸೋತೆ. ಆದರೂ ಎರಡು ಕಸಿ ಗಿಡವನ್ನು ಈ ಜೂನಿನಲ್ಲೇ ನೆಟ್ಟುಬಿಡಿ. ಬೀಜದ್ದು ಬೆಳೆಯುವವರೆಗೆ ಶರಬತ್ತಿಗೆ ಪಕ್ಕದ ಮನೆಯ ಬುಟ್ಟಿಯನ್ನೇ ಕಾಯುವುದಾ?


ವಸಂತಿ, ಪೆರ್ಡೂರು

ವಿಷುವಿಗೆ ಶುರುವಾಗುವ ಮರ ಅಂದರೆ ಒಳ್ಳೆಯ ಮರ. ಅದನ್ನು ಬಿಟ್ಟು ಬೇರೆ ಕಡ್ಡಿ ಹುಡುಕಲಿಕ್ಕೆ ಹೋಗಬೇಡಿ. ಅಜ್ಜನಿಗೆ ಈ ವರ್ಷದ ಮೊದಲ ಶರಬತ್ತು ಕೊಟ್ಟು ಬನ್ನಿ, ಒಪ್ಪಿಗೆಯ ವಿಷಯ ಮೆಲ್ಲ ನೋಡುವ.

ಬಾಲ್ಕನಿ ಆಗ್ತದೆ, ಬೆಳಗ್ಗಿನ ಬಿಸಿಲು ಬರುವ ಕಡೆ ಆದರೆ. ಮಧ್ಯಾಹ್ನದ ಮೇಲಿನ ಪಡುವಣ ಬಿಸಿಲು ಗೋಡೆಗೆ ಬಡಿದು ಬರುವ ಬಾಲ್ಕನಿ ಆದರೆ ಬೇಡ, ಎಲೆಯ ಅಂಚು ಸುಡ್ತದೆ. ಎಸಿಯ ಹೊರಗಿನ ಪೆಟ್ಟಿಗೆಯ ಗಾಳಿ ತಾಗುವಲ್ಲಿಯೂ ಬೇಡ. ತೊಟ್ಟೆಯನ್ನು ಟೈಲ್ಸಿನ ಮೇಲೆ ನೇರ ಇಡದೆ ಎರಡು ಇಟ್ಟಿಗೆಯ ಮೇಲೆ ಹಲಗೆ ಹಾಕಿ ಇಡಿ, ತೂತಿನಿಂದ ನೀರು ಇಳಿಯಲಿ. ಟ್ಯಾಂಕಿನ ನೀರೇ ಸಾಕು, ದಿನಕ್ಕೊಂದು ಲೋಟ, ಮಳೆಗಾಲದಲ್ಲಿ ಮಣ್ಣು ಮುಟ್ಟಿ ನೋಡಿ ಬೇಕಾದರೆ ಮಾತ್ರ. ಗೊಬ್ಬರ ಹೆಚ್ಚು ಹಾಕಿದರೆ ಬೇಗ ಬೆಳೆಯುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಿನ್ನಿಗೋಳಿಗೆ ಸಾಗಿಸುವಾಗ ಕಾರಿನಲ್ಲಿ ಮಲಗಿಸಬೇಡಿ, ಮಣ್ಣು ಸಡಿಲವಾದರೆ ಬೇರು ಹರಿಯುತ್ತದೆ. ನಿಲ್ಲಿಸಿಕೊಂಡೇ ಹೋಗಿ.

ಒರಲೆ ತಿನ್ನುವುದು ಹೆಚ್ಚಾಗಿ ಒಣಗಿದ್ದನ್ನು. ಹಳೆಯ ಗೇರಿನ ಬುಡ ಹೊಂಡದ ಹತ್ತಿರ ಇದ್ದರೆ ಕಿತ್ತು ತೆಗೆಸಿ, ಅದೇ ಅದರ ಮನೆ. ಹೊಂಡಕ್ಕೆ ಹುಡಿಯಾದ ಗೊಬ್ಬರ ಮಾತ್ರ ಹಾಕಿ. ನೆಟ್ಟ ಮೇಲೆ ತರಗೆಲೆಯನ್ನು ಕಾಂಡಕ್ಕೆ ತಾಗಿಸದೆ ಒಂದು ಗೇಣು ಬಿಟ್ಟು ಸುತ್ತ ಹಾಕಿ. ಬೇವಿನ ಹಿಂಡಿ ಎರಡು ಹಿಡಿ ಮಣ್ಣಿಗೆ ಬೆರೆಸಿದರೆ ಇನ್ನೂ ಒಳ್ಳೆಯದು. ನೀರು ಕುಡಿದು ಗಟ್ಟಿಯಾಗಿ ನಿಂತ ಗಿಡದ ಹತ್ತಿರ ಒರಲೆ ಅಷ್ಟು ಸುಲಭಕ್ಕೆ ಬರುವುದಿಲ್ಲ.

ಬೀಜ ಹಾಕುವಾಗ ತೊಟ್ಟೆಯ ಮೇಲೆ ಪೈಂಟಿನಲ್ಲಿ ಯಾವ ಮರದ್ದು ಅಂತ ಗುರುತು ಹಾಕಿ, ಮುಂದಿನ ವರ್ಷ ನೆನಪಿರುವುದಿಲ್ಲ. ಹಾಗೆಯೇ ಬೇಕಾದದ್ದರ ಎರಡರಷ್ಟು ಹಾಕಿ. ಸ್ವಲ್ಪ ಹೆಗ್ಗಣಕ್ಕೆ, ಸ್ವಲ್ಪ ಹರೀಶನ ಕತ್ತಿಗೆ, ಉಳಿದದ್ದು ನಿಮಗೆ. ಮೊಳಕೆ ಬಂದ ಮೇಲೆ ಒಂದು ಫೋಟೊ ಹಾಕಿ. ಬರದಿದ್ದರೂ ಹಾಕಿ, ತೊಟ್ಟೆಯ ಮಣ್ಣು ನೋಡಿದರೆ ಯಾಕೆ ಅಂತ ನಾನು ಹೇಳ್ತೇನೆ.